ಸಿಐಡಿ ನೋಡುವ ನಾವು, ನಮ್ಮನ್ನು ನೋಡುವ ಮಕ್ಕಳು

ಬೇಸಿಗೆ ರಜೆಗೆ ಬೆಂಗಳೂರಿನಿಂದ ಮೊಮ್ಮಗ ಬಂದಿದ್ದ. ಒಂಬತ್ತು ವರ್ಷದ ಹುಡುಗ. ತುಮಕೂರಿನ ನಮ್ಮ ಮನೆಯಲ್ಲಿ ಅವನಿಗೆ ಜೊತೆಯೆಂದರೆ ಕೆಲಸಕ್ಕೆ ಬರುವ ತಾಯಿಯ ಮಗ. ರಜೆಯಾದ್ದರಿಂದ ಆ ಹುಡುಗನೂ ಅಮ್ಮನ ಜೊತೆ ಬರುತ್ತಿದ್ದ. ಇವನಿಗಿಂತ ಒಂದು ವರ್ಷ ದೊಡ್ಡವನು. ಇಬ್ಬರೂ ಸೇರಿ ದಿನವೂ ಒಂದೇ ಆಟ ಆಡುತ್ತಿದ್ದರು, ಪೊಲೀಸ್ ಆಟ. ಅದರಲ್ಲೂ ಸಿಐಡಿ ಆಟ.

ಒಂದು ಬೆಳಿಗ್ಗೆ ಟಿವಿ ರಿಮೋಟ್ ಕಾಣಲಿಲ್ಲ. ನಾನು ವರಾಂಡದಲ್ಲಿ ಪೇಪರ್ ಓದುತ್ತಿದ್ದೆ. ಒಳಗೆ ಮೊಮ್ಮಗ ಆ ಹುಡುಗನನ್ನು ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರಿಸಿ, ಸುತ್ತ ಓಡಾಡುತ್ತಾ, ಬೆರಳು ಆಡಿಸುತ್ತಾ ವಿಚಾರಣೆ ಶುರು ಮಾಡಿದ. ನಾನು ಕಿಟಕಿಯಿಂದ ನೋಡಿ ನಕ್ಕೆ. ಆಮೇಲೆ ಚಟಾರನೆ ಸದ್ದಾಯಿತು. ಹೊಡೆತ ಜೋರಾಗಿಯೇ ಬಿದ್ದಿತ್ತು. ಕೆನ್ನೆ ಹಿಡಿದುಕೊಂಡ ಹುಡುಗ "ಹೂಂ, ನಾನೇ ತಗೊಂಡೆ" ಅಂದ. ಮೊಮ್ಮಗ ಎರಡೂ ಕೈ ಮೇಲೆತ್ತಿ "ಕೇಸ್ ಸಾಲ್ವ್" ಎಂದು ಕೂಗಿದ.

ಹತ್ತು ನಿಮಿಷದ ನಂತರ ನಮ್ಮ ಮನೆಯವರು ದಿವಾನ್ ಹೊದಿಕೆ ಕೊಡವುವಾಗ ರಿಮೋಟ್ ಕೆಳಗೆ ಬಿತ್ತು. ಹಿಂದಿನ ರಾತ್ರಿ ಅಲ್ಲಿ ಕೂತು ಟಿವಿ ನೋಡಿದವನು ನಾನೇ.

ಹುಡುಗನ ತಾಯಿ ಏನೂ ಮಾತಾಡಲಿಲ್ಲ. ಪಾತ್ರೆ ಮುಗಿಸಿ ಮಗನ ಕೈ ಹಿಡಿದುಕೊಂಡು ಹೋದರು. ಮಾರನೆಯ ದಿನ ಅವರೊಬ್ಬರೇ ಬಂದರು. ಮೊಮ್ಮಗ ಮಾತ್ರ ನನ್ನ ಹತ್ತಿರ ಬಂದು, ತುಂಬ ಯೋಚನೆ ಮಾಡಿದವನ ಹಾಗೆ ಕೇಳಿದ: "ತಾತ, ಅವ್ನೇ ಒಪ್ಕೊಂಡ್ನಲ್ಲ, ಮತ್ತೆ ರಿಮೋಟು ದಿವಾನ್ ಮೇಲೆ ಹೇಗೆ ಬಂತು?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಬರೆದ ಲೇಖನ ಇದು. ಧಾರಾವಾಹಿಯ ಬಗ್ಗೆ ಬರೆಯಲು ಈ ಪತ್ರಿಕೆ ಜಾಗವೇ ಎಂದು ಕೆಲವು ಹಿರಿಯರಿಗೆ ಅನ್ನಿಸಬಹುದು. ಆದರೆ ನಮ್ಮ ಮನೆಗಳಲ್ಲಿ, ನಮ್ಮ ಮಠಗಳ ವಿದ್ಯಾರ್ಥಿ ನಿಲಯಗಳಲ್ಲಿ ಬೆಳೆಯುತ್ತಿರುವ ಮಕ್ಕಳು ಪ್ರವಚನಕ್ಕಿಂತ ಹೆಚ್ಚು ಹೊತ್ತು ನೋಡುವುದು ಇದನ್ನೇ. ನೋಡದವರ ಹಾಗೆ ನಟಿಸುವುದಕ್ಕಿಂತ ಕೂತು ಮಾತಾಡುವುದು ಒಳ್ಳೆಯದು.

ಸಿಐಡಿ ಹಿಂದಿ ಧಾರಾವಾಹಿ ಸೋನಿ ಚಾನೆಲ್‌ನಲ್ಲಿ ಶುರುವಾದದ್ದು 1998ರ ಜನವರಿಯಲ್ಲಿ. ಅದನ್ನು ರೂಪಿಸಿದವರು ಬಿ.ಪಿ. ಸಿಂಗ್. ಎಸಿಪಿ ಪ್ರದ್ಯುಮನ್ ಪಾತ್ರ ಮಾಡಿದ ಶಿವಾಜಿ ಸಾಟಮ್ ಮೊದಲು ಬ್ಯಾಂಕ್ ನೌಕರರು. ಬಾಗಿಲು ಒಡೆಯುವ ಇನ್ಸ್‌ಪೆಕ್ಟರ್ ದಯಾ ಪಾತ್ರದ ದಯಾನಂದ ಶೆಟ್ಟಿ ನಮ್ಮ ಕರಾವಳಿ ಮೂಲದವರು, ಮನೆ ಮಾತು ತುಳು. 2018ರ ಅಕ್ಟೋಬರ್‌ನಲ್ಲಿ ನಿಲ್ಲುವ ಹೊತ್ತಿಗೆ 1,547 ಕಂತು ಮುಗಿದಿದ್ದವು. 2004ರಲ್ಲಿ ಒಂದು ಕಂತನ್ನು ಕ್ಯಾಮೆರಾ ನಿಲ್ಲಿಸದೆ 111 ನಿಮಿಷ ಒಂದೇ ಶಾಟ್‌ನಲ್ಲಿ ಚಿತ್ರೀಕರಿಸಿ ದಾಖಲೆ ಮಾಡಿದರು. ಕೆಲಸದ ಶ್ರದ್ಧೆಯ ದೃಷ್ಟಿಯಿಂದ ಅದನ್ನು ಮೆಚ್ಚಲೇಬೇಕು.

ಜನ ಮೆಚ್ಚಿದ ಧಾರಾವಾಹಿಯಿಂದ ಕವಲುಗಳು ಹುಟ್ಟುವುದು ಸಹಜ. 2004ರಲ್ಲೇ 'ಸಿಐಡಿ: ಸ್ಪೆಷಲ್ ಬ್ಯೂರೋ' ಎಂಬ ಕವಲು ಶುರುವಾಗಿ 2006ರವರೆಗೆ ನಡೆಯಿತು. ಬಂಗಾಳಿಯಲ್ಲಿ ಕೋಲ್ಕತ್ತಾ ಬ್ಯೂರೋ ಬಂತು. 2024ರ ಡಿಸೆಂಬರ್‌ನಲ್ಲಿ ಮೂಲ ಧಾರಾವಾಹಿಯೇ ಎರಡನೆಯ ಸಲ ಶುರುವಾಯಿತು. 2025ರ ಬೇಸಿಗೆಯಲ್ಲಿ ಸೋನಿ ಯಾಯ್ ಎಂಬ ಮಕ್ಕಳ ಚಾನೆಲ್‌ನಲ್ಲಿ 'ಸಿಐಡಿ ಸ್ಕ್ವಾಡ್' ಎಂಬ ಕಾರ್ಟೂನ್ ಬಂತು. ನಮ್ಮ ಮೊಮ್ಮಗ ಸಿಐಡಿಗೆ ಅಂಟಿಕೊಂಡದ್ದು ಈ ಕಾರ್ಟೂನ್‌ನಿಂದ. ಕಾರ್ಟೂನ್ ನೋಡಿ ಪಾತ್ರಗಳ ಪರಿಚಯವಾದ ಮೇಲೆ, ಮೊಬೈಲ್‌ನಲ್ಲಿ ಹಳೆಯ ಧಾರಾವಾಹಿಯ ತುಣುಕುಗಳನ್ನು ತಾನೇ ಹುಡುಕಿಕೊಂಡ. ಆ ತುಣುಕುಗಳಲ್ಲಿ ಇರುವುದು ಎರಡೇ, ಬಾಗಿಲು ಒಡೆಯುವುದು ಮತ್ತು ಕೆನ್ನೆಗೆ ಬಾರಿಸುವುದು.

ನಾನು ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿದವನು. ಉಪನಾಲೆಗೆ ತನ್ನದೇ ನೀರು ಎಂಬುದು ಇರುವುದಿಲ್ಲ, ಮುಖ್ಯ ನಾಲೆಯಲ್ಲಿ ಬಂದದ್ದೇ ಅದರಲ್ಲೂ ಹರಿಯುತ್ತದೆ. ಆದ್ದರಿಂದ ಕಾರ್ಟೂನ್ ಒಳ್ಳೆಯದೋ ಕೆಟ್ಟದ್ದೋ ಎಂದು ಚರ್ಚೆ ಮಾಡುವ ಮೊದಲು ಮೂಲದಲ್ಲಿ ಏನು ಹರಿಯುತ್ತಿದೆ ಎಂದು ನೋಡಬೇಕು ಅನ್ನಿಸಿತು. ಒಬ್ಬನೇ ತೀರ್ಮಾನ ಮಾಡುವುದು ಬೇಡವೆಂದು ನಮ್ಮವರನ್ನೇ ಕೇಳುತ್ತಾ ಹೋದೆ.

ಮೊದಲು ಗುಬ್ಬಿಯ ಭಾವನವರು. ಅಡಿಕೆ, ತೆಂಗು ನೋಡಿಕೊಂಡಿರುವ ಎಪ್ಪತ್ತೈದರ ಹಿರಿಯರು. ಹಿಂದಿ ಅಷ್ಟಕ್ಕಷ್ಟೇ, ಆದರೂ ಸಿಐಡಿ ತಪ್ಪಿಸಿದವರಲ್ಲ. 2025ರ ಏಪ್ರಿಲ್‌ನಲ್ಲಿ ಕತೆಯಲ್ಲಿ ಎಸಿಪಿ ಪ್ರದ್ಯುಮನ್ ಸತ್ತರೆಂದು ತೋರಿಸಿದಾಗ ದೇಶದಾದ್ಯಂತ ಅಭಿಮಾನಿಗಳು ಗಲಾಟೆ ಮಾಡಿದರಲ್ಲ, ಆಗ ಭಾವನವರೂ ನನಗೆ ಫೋನ್ ಮಾಡಿ ಅರ್ಧ ಗಂಟೆ ಬೈದಿದ್ದರು, ನಾನೇ ಕೊಂದವನ ಹಾಗೆ. ಆಮೇಲೆ ಆ ಪಾತ್ರ ಮರಳಿ ಬಂದಾಗ ಸಮಾಧಾನವಾಯಿತು. ಕವಲು ಧಾರಾವಾಹಿಗಳ ಬಗ್ಗೆ ಅವರ ಅಭಿಪ್ರಾಯ ಒಂದೇ ಮಾತಿನದು: "ಬೇರೆ ಬೇರೆ ಹೆಸರಲ್ಲಿ ಬಂದಿದ್ದೆಲ್ಲ ಸಪ್ಪೆ ಕಣಯ್ಯಾ. ಆ ಮೂರು ಜನ ಇದ್ರೇನೇ ಸಿಐಡಿ."

ಹೊಡೆಯುವ ವಿಷಯ ಎತ್ತಿದೆ. ಅವರು ನಕ್ಕುಬಿಟ್ಟರು. ಗುಬ್ಬಿ ವೀರಣ್ಣನವರ ಊರಿನವರಿಗೆ ನಾಟಕದ ಬಗ್ಗೆ ಪಾಠ ಹೇಳಲು ಹೋಗಬಾರದು. 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯ ಕತೆಗಳನ್ನು ಕೇಳುತ್ತಲೇ ಬೆಳೆದವರು ಅವರು. "ಕುರುಕ್ಷೇತ್ರದಲ್ಲಿ ನಿಜವಾದ ಆನೆ, ಕುದುರೇನೇ ತಂದು ನಿಲ್ಲಿಸ್ತಿದ್ರಂತೆ. ಅದನ್ನ ನೋಡಿ ಗುಬ್ಬಿ ಜನ ಮನೆಗೆ ಹೋಗಿ ಯುದ್ಧ ಮಾಡಿದ್ರಾ? ನಾಟಕ ನಾಟಕಾನೇ. ನೋಡೋರಿಗೆ ಅಷ್ಟು ಬುದ್ಧಿ ಇರುತ್ತೆ" ಅಂದರು.

ಇದು ತಳ್ಳಿಹಾಕುವ ಮಾತಲ್ಲ. ಸಿಐಡಿ ನೋಡಿದ ಕೋಟ್ಯಂತರ ಜನರಲ್ಲಿ ಯಾರೂ ಪಕ್ಕದ ಮನೆಯ ಬಾಗಿಲು ಒಡೆದಿಲ್ಲ. ಆದರೆ ಒಂದು ವ್ಯತ್ಯಾಸವಿದೆ. ಕುರುಕ್ಷೇತ್ರದ ಯುದ್ಧ ನಮ್ಮ ದಿನನಿತ್ಯದಲ್ಲಿ ಇಲ್ಲ. ಕಳುವಾದ ವಸ್ತು, ಅನುಮಾನ, ಬಡವನೊಬ್ಬನ ಮೇಲೆ ತಿರುಗುವ ಬೆರಳು, ಇವು ಪ್ರತಿ ಮನೆಯಲ್ಲೂ ಇವೆ.

ಎರಡನೆಯದಾಗಿ ಕುಣಿಗಲ್‌ನ ನಮ್ಮ ಅಣ್ಣನ ಮಗಳು. ಅಲ್ಲಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಹೇಮಾವತಿ ಎಕ್ಸ್‌ಪ್ರೆಸ್ ಕೆನಾಲ್ ವಿಷಯ ಬಂದರೆ ಗುಬ್ಬಿಯ ಭಾವನಿಗೂ ಕುಣಿಗಲ್‌ನ ಈ ಮಗಳಿಗೂ ಒಂದು ನಿಮಿಷ ಸರಿಹೋಗುವುದಿಲ್ಲ. ಸಿಐಡಿ ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ ಪಕ್ಷ. "ಚಿಕ್ಕಪ್ಪ, ನೀವು ಬರೀ ಕೆಟ್ಟದ್ದೇ ಹೇಳ್ಬೇಡಿ. ಬೆರಳಚ್ಚು ಅಂದ್ರೇನು, ವಿಷ ಹೇಗೆ ಪತ್ತೆಯಾಗುತ್ತೆ ಅಂತ ಪಾಠ ಮಾಡ್ವಾಗ ಮಕ್ಕಳ ಕಣ್ಣು ಅರಳೋದು ಡಾಕ್ಟರ್ ಸಾಳುಂಕೆಯಿಂದ. ನಮ್ಮ ಒಬ್ಬ ಹುಡುಗಿ ಫೊರೆನ್ಸಿಕ್ ಓದ್ತೀನಿ ಅಂತ ಹಟ ಹಿಡಿದಿದಾಳೆ, ಡಾಕ್ಟರ್ ತಾರಿಕಾನ ನೋಡಿ" ಅಂದಳು. ಹಳ್ಳಿಯ ಹೆಣ್ಣುಮಗಳೊಬ್ಬಳು ಬಿಳಿ ಕೋಟು ಹಾಕಿಕೊಂಡು ಪ್ರಯೋಗಾಲಯದಲ್ಲಿ ನಿಲ್ಲುವ ಕನಸು ಕಂಡರೆ, ಅದಕ್ಕೆ ಕಾರಣವಾದದ್ದಕ್ಕೆ ಒಂದು ನಮಸ್ಕಾರ. ಕಾರ್ಟೂನ್ ಬಂದದ್ದೂ ಒಳ್ಳೆಯದೇ ಆಯಿತು, ಕೊಲೆ ರಕ್ತ ಇಲ್ಲದೆ ಪತ್ತೇದಾರಿಕೆ ಕಲಿಯಲಿ ಎಂಬುದು ಅವಳ ಲೆಕ್ಕ.

ಮೂರನೆಯವರು ಅಮಾನಿಕೆರೆಯ ಉದ್ಯಾನದಲ್ಲಿ ಬೆಳಗಿನ ನಡಿಗೆಗೆ ಸಿಗುವ ಸ್ನೇಹಿತರು. ಪೊಲೀಸ್ ಇಲಾಖೆಯಲ್ಲಿ ಎಎಸ್‌ಐ ಆಗಿ ನಿವೃತ್ತರಾದವರು. ಅವರು ಸಿಐಡಿ ನೋಡುವುದೇ ಇಲ್ಲ. "ಸಾರ್, ನಮ್ಮ ಕೆಲಸದಲ್ಲಿ ಮುಕ್ಕಾಲು ಭಾಗ ಬರವಣಿಗೆ. ಮಹಜರು ಬರೀಬೇಕು, ಪಂಚರ ಸಹಿ ಹಾಕಿಸ್ಬೇಕು, ಸಿಕ್ಕಿದ್ದನ್ನ ಸೀಲ್ ಮಾಡಿ ಲ್ಯಾಬಿಗೆ ಕಳಿಸ್ಬೇಕು, ವರದಿಗೆ ಕಾಯ್ಬೇಕು. ಅದನ್ನ ಟಿವಿಲಿ ತೋರಿಸಿದ್ರೆ ಯಾರು ನೋಡ್ತಾರೆ?" ಅಂದರು. ಆಮೇಲೆ ಅವರು ಹೇಳಿದ ಮಾತು ನನ್ನನ್ನು ಹಿಡಿದು ನಿಲ್ಲಿಸಿತು: "ದೂರು ಕೊಡೋಕೆ ಬರೋರು ವಿದ್ಯಾವಂತರೇ, ಮರ್ಯಾದಸ್ಥರೇ. ಇವ್ನ ಮೇಲೆ ಅನುಮಾನ ಅಂತ ಹೆಸರು ಕೊಟ್ಟು, ಎರಡು ಬಿಟ್ರೆ ಬಾಯಿ ಬಿಡ್ತಾನೆ ಅಂತ ನಮಗೇ ಹೇಳಿಕೊಡ್ತಾರೆ. ಹೊಡೀದಿದ್ರೆ ನಾವು ದುಡ್ಡು ತಿಂದಿದೀವಿ ಅಂತಾರೆ."

ನಾಲ್ಕನೆಯ ಅಭಿಪ್ರಾಯ ನಮ್ಮ ಮನೆಯವರದು. ಅವರಿಗೆ ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳೇ ಆಗಬೇಕು. 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಶುರುವಾದ 'ಮಗಳು ಜಾನಕಿ'ಯ ನಾಯಕಿಯೂ ಪೊಲೀಸ್ ಅಧಿಕಾರಿಯಾಗುವ ಹುಡುಗಿ. 2020ರಲ್ಲಿ ಲಾಕ್‌ಡೌನ್ ಕಾಲಕ್ಕೆ ಅದು ನಡುವೆಯೇ ನಿಂತ ಬೇಸರ ಅವರಿಗೆ ಇನ್ನೂ ಹೋಗಿಲ್ಲ. "ಅದರಲ್ಲಿ ವಕೀಲರು ಎದುರಿನವರನ್ನ ಪ್ರಶ್ನೆ ಕೇಳ್ತಾರೆ, ಉತ್ತರ ಹೇಳೋಕೆ ಬಿಡ್ತಾರೆ. ನಿಮ್ಮ ಸಿಐಡಿಯಲ್ಲಿ ಉತ್ತರ ಮೊದಲೇ ಗೊತ್ತಿರುತ್ತೆ" ಅಂದರು. ನಲವತ್ತು ವರ್ಷದಲ್ಲಿ ಇಂತಹ ಮಾತನ್ನು ಅವರಿಂದ ಬಹಳ ಸಲ ಕೇಳಿದ್ದೇನೆ, ಒಪ್ಪಿಕೊಂಡದ್ದು ಕಡಿಮೆ. ಈ ಸಲ ಒಪ್ಪಿಕೊಳ್ಳುತ್ತೇನೆ.

ಸಿಐಡಿಯಲ್ಲಿ ಅಧಿಕಾರಿ ಕೆನ್ನೆಗೆ ಹೊಡೆದಾಗ ಎದುರಿಗಿರುವವನು ಯಾವಾಗಲೂ ನಿಜವಾದ ಅಪರಾಧಿಯೇ. ಕತೆ ಬರೆದವರಿಗೆ ಅದು ಮೊದಲೇ ಗೊತ್ತು. ಆದ್ದರಿಂದ ಅಲ್ಲಿ ಹೊಡೆತ ತಪ್ಪಾಗುವುದೇ ಇಲ್ಲ. ಇಪ್ಪತ್ತು ವರ್ಷ ಇದನ್ನೇ ನೋಡಿದರೆ, ಹೊಡೆತದಿಂದ ಸತ್ಯ ಹೊರಗೆ ಬರುತ್ತದೆ ಎಂಬ ನಂಬಿಕೆ ನಮಗೆ ತಿಳಿಯದಂತೆಯೇ ಒಳಗೆ ಕೂರುತ್ತದೆ. ಹೊಡೆತದಿಂದ ಹೊರಗೆ ಬರುವುದು ಹೊಡೆಯುವವನಿಗೆ ಬೇಕಾದ ಉತ್ತರ. ಮೊಮ್ಮಗನ ಪ್ರಶ್ನೆಗೆ ಉತ್ತರ ಇಷ್ಟೇ. ರಿಮೋಟ್ ಎಲ್ಲೂ ಹೋಗಿರಲಿಲ್ಲ. ಹುಡುಗ ಒಪ್ಪಿಕೊಂಡದ್ದು ಕೆನ್ನೆ ಉರಿಗೆ.

ಇದು ನನ್ನ ಹೊಸ ಶೋಧವೇನಲ್ಲ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳುತ್ತಿತ್ತು. ನಮ್ಮನ್ನು ಆಳಿದ ಬ್ರಿಟಿಷರಿಗೂ ಲಾಠಿಯ ಮುಂದೆ ಜನ ಏನು ಬೇಕಾದರೂ ಹೇಳುತ್ತಾರೆಂದು ಗೊತ್ತಿತ್ತು. 2024ರ ಜುಲೈ 1ರಿಂದ ಜಾರಿಯಾದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ 23ನೇ ಕಲಂ ಆಗಿ ಅದೇ ನಿಯಮ ಮುಂದುವರಿದಿದೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಒತ್ತಾಯಿಸಬಾರದು ಎಂದು ಸಂವಿಧಾನದ 20ನೇ ವಿಧಿ ಹೇಳುತ್ತದೆ. ಧಾರಾವಾಹಿಗಳಲ್ಲಿ ಸುಲಭವಾಗಿ ತೋರಿಸುವ ಮಂಪರು ಪರೀಕ್ಷೆಯನ್ನು ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. ಆ ತೀರ್ಪಿನ ಹೆಸರೇ 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ'. ನಮ್ಮ ರಾಜ್ಯದ ಹೆಸರು ಅದರಲ್ಲಿದೆ, ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಇಂಜಿನಿಯರ್ ಆಗಿ ನನಗೆ ಇನ್ನೊಂದು ತಕರಾರಿದೆ. ಸಿಐಡಿಯ ಪ್ರಯೋಗಾಲಯದಲ್ಲಿ ಬಣ್ಣದ ನೀರನ್ನು ಒಂದು ಸೀಸೆಯಿಂದ ಇನ್ನೊಂದಕ್ಕೆ ಸುರಿದರೆ ಕೊಲೆಗಾರ ಸಿಕ್ಕುತ್ತಾನೆ. ನಾವು ಕಾಂಕ್ರೀಟ್ ಹಾಕಿದರೆ ಘನಾಕೃತಿಯ ಮಾದರಿ ಮಾಡಿ, ನೀರಿನಲ್ಲಿಟ್ಟು, 28 ದಿನ ಕಾದು, ಯಂತ್ರದಲ್ಲಿ ಒತ್ತಿ ನೋಡಿ ಆಮೇಲೆ ಅದರ ಬಲ ಇಷ್ಟು ಎಂದು ಬರೆಯುತ್ತೇವೆ. ನೋಡಲು ಗಟ್ಟಿಯಾಗಿದೆ ಅಂದರೆ ಯಾರೂ ಒಪ್ಪುವುದಿಲ್ಲ. ಸೇತುವೆಗೆ 28 ದಿನ ಕಾಯುವ ಸಮಾಜ, ಮನುಷ್ಯನ ಮೇಲೆ ಕಳ್ಳನೆಂಬ ಮುದ್ರೆ ಒತ್ತಲು 28 ನಿಮಿಷವೂ ಕಾಯುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ತೀರ್ಪು ಕೊಡುವವರ ಸಾಲಿನಲ್ಲಿ ಕೂತಂತಾಗುತ್ತದೆ. ಆ ಸಾಲಿನಲ್ಲಿ ಕೂರುವ ಯೋಗ್ಯತೆ ನನಗಿಲ್ಲ. ಏಕೆಂದು ಹೇಳುತ್ತೇನೆ. ಮನೆಯವರಿಗೆ ಬಿಟ್ಟರೆ ಇದನ್ನು ಯಾರಿಗೂ ಹೇಳಿಲ್ಲ.

1991ರ ಮಾತು. ಬೇರೊಂದು ಜಿಲ್ಲೆಯಲ್ಲಿ ನಾಲೆ ಕಾಮಗಾರಿಯ ಮೇಲೆ ಸಹಾಯಕ ಇಂಜಿನಿಯರ್ ಆಗಿದ್ದೆ. ಕ್ಯಾಂಪಿನ ಗೋದಾಮಿನಲ್ಲಿ ಸಿಮೆಂಟ್ ಚೀಲ ಲೆಕ್ಕಕ್ಕೆ ಬರಲಿಲ್ಲ. ನಲವತ್ತು ಚೀಲ ಕಡಿಮೆ. ರಾತ್ರಿ ಕಾವಲಿಗೆ ಇದ್ದವನು ದಿನಗೂಲಿಯ ಒಬ್ಬ ಮನುಷ್ಯ. ವಯಸ್ಸು ಐವತ್ತರ ಹತ್ತಿರ. ಬೀಗದ ಕೈ ಇದ್ದದ್ದು ಅವನ ಹತ್ತಿರ, ಅಷ್ಟೇ. ಮೇಲಿನವರು ಹೇಳಿದರು, ನಾನು ದೂರು ಬರೆದು ಸಹಿ ಹಾಕಿದೆ. 'ಕಾವಲುಗಾರನ ಮೇಲೆ ಬಲವಾದ ಅನುಮಾನವಿರುತ್ತದೆ' ಎಂಬ ಸಾಲು ನನ್ನದೇ ಕೈಬರಹ.

ಎರಡನೆಯ ದಿನ ಅವನು ಒಪ್ಪಿಕೊಂಡ ಎಂದು ಸುದ್ದಿ ಬಂತು. ಚೀಲ ಯಾರಿಗೆ ಮಾರಿದೆ ಎಂದು ಕೇಳಿದರೆ ದಿನಕ್ಕೊಂದು ಊರಿನ ಹೆಸರು ಹೇಳುತ್ತಿದ್ದನಂತೆ. ಅದನ್ನು ಕೇಳಿಯೂ ನಮಗೆ ಯಾರಿಗೂ ಏನೂ ಅನ್ನಿಸಲಿಲ್ಲ. ಸಂಜೆ ಕ್ಯಾಂಪಿನಲ್ಲಿ ಟೀ ಕುಡಿಯುತ್ತಾ, ಪೊಲೀಸರು ಒಳ್ಳೆಯ ಕೆಲಸ ಮಾಡಿದರು ಎಂದು ಮಾತಾಡಿಕೊಂಡೆವು.

ತಿಂಗಳ ನಂತರ ದಾಸ್ತಾನು ತಪಾಸಣೆಗೆ ಬಂದರು. ಪುಸ್ತಕ ತಾಳೆ ನೋಡುವಾಗ ಒಂದು ಇಂಡೆಂಟ್ ಚೀಟಿ ಸಿಕ್ಕಿತು. ನಲವತ್ತು ಚೀಲ ಪಕ್ಕದ ತೂಬಿನ ಕೆಲಸಕ್ಕೆ ಹೋಗಿತ್ತು. ಅದನ್ನು ರಿಜಿಸ್ಟರಿಗೆ ಏರಿಸಿರಲಿಲ್ಲ. ತೂಬು ಕಟ್ಟಿ ಮುಗಿದಿತ್ತು, ಅದರ ಮೇಲೆ ನಾನೇ ದಿನವೂ ಓಡಾಡುತ್ತಿದ್ದೆ. ಆ ಕೆಲಸಕ್ಕೆ ಎಷ್ಟು ಸಿಮೆಂಟ್ ಹಿಡಿದಿದೆ ಎಂದು ಲೆಕ್ಕ ಹಾಕಿದ್ದರೆ ಸಾಕಿತ್ತು, ಒಂದು ಗಂಟೆಯ ಕೆಲಸ.

ಅವನನ್ನು ಬಿಟ್ಟರು. ಒಂದು ದಿನ ಬಾಕಿ ಕೂಲಿ ತೆಗೆದುಕೊಳ್ಳಲು ಬಂದ. ಬಲಗೈ ಬೆರಳು ಮಡಚಲು ಆಗುತ್ತಿರಲಿಲ್ಲ, ಎಡಗೈಯಿಂದ ಹೆಬ್ಬೆಟ್ಟು ಒತ್ತಿದ. ಬೈಯಲಿಲ್ಲ, ಅಳಲಿಲ್ಲ. ಹೋಗುವಾಗ ಒಂದೇ ಮಾತು ಕೇಳಿದ: "ಸಾಮಿ, ತಾವು ಎಣಿಸಿದ್ರಾ?"

ಅಳತೆ ಪುಸ್ತಕದಲ್ಲಿ ಬರೆಯದೆ ಒಂದು ರೂಪಾಯಿ ಬಿಲ್ಲೂ ಪಾಸು ಮಾಡಬಾರದು ಎಂದು ಕಲಿತವನು ನಾನು. ಮಣ್ಣಿನ ಕೆಲಸವನ್ನೂ ಟೇಪು ಹಿಡಿದು ಅಳೆದು ಬರೆಯುತ್ತಿದ್ದೆ. ಒಬ್ಬ ಮನುಷ್ಯನ ಹೆಸರನ್ನು ಮಾತ್ರ ಅಳೆಯದೆ, ಎಣಿಸದೆ ಬರೆದುಕೊಟ್ಟೆ.

ಆಗ ಸಿಐಡಿ ಧಾರಾವಾಹಿ ಇನ್ನೂ ಹುಟ್ಟಿರಲಿಲ್ಲ. ಆದ್ದರಿಂದ ನನ್ನ ತಪ್ಪನ್ನು ಟಿವಿಯ ತಲೆಗೆ ಕಟ್ಟಲಾರೆ. 'ಎಸ್.ಪಿ. ಸಾಂಗ್ಲಿಯಾನ' ಚಿತ್ರವನ್ನು ಶಂಕರ್‌ನಾಗ್ ಅವರಿಗಾಗಿ ನಾವೆಲ್ಲ ಎರಡೆರಡು ಸಲ ನೋಡಿದ ಕಾಲ ಅದು. ಬಡಿದು ಬಾಯಿ ಬಿಡಿಸುವವನೇ ಸಮರ್ಥ ಎಂಬ ಮನಸ್ಸು ನಮ್ಮಲ್ಲಿ ಮೊದಲೇ ಇತ್ತು. ಸಿನಿಮಾ, ಧಾರಾವಾಹಿ ಆ ಮನಸ್ಸಿಗೆ ತಕ್ಕಂತೆ ಬಂದವು. ಈಗ ಅದು ಕಾರ್ಟೂನ್ ದಾರಿ ಹಿಡಿದು ಮಕ್ಕಳ ಕೋಣೆಗೆ ಬಂದಿದೆ. ಮುಖ್ಯ ನಾಲೆಯಲ್ಲಿ ಹರಿಯುತ್ತಿರುವುದು ನಮ್ಮದೇ ನೀರು.

ಅದು ಇನ್ನೂ ಹರಿಯುತ್ತಿದೆ ಎಂಬುದಕ್ಕೂ ನಾನೇ ಸಾಕ್ಷಿ. 2019ರ ಡಿಸೆಂಬರ್‌ನಲ್ಲಿ ಹೈದರಾಬಾದ್ ಹತ್ತಿರ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಕ್ಕಿ ಕೊಂದಾಗ ಜನ ಪೊಲೀಸರ ಮೇಲೆ ಹೂವು ಸುರಿದರು. ಆ ಹೂವಿನ ಚಿತ್ರವನ್ನು ನಾನೂ ವಾಟ್ಸಾಪ್‌ನಲ್ಲಿ ಹತ್ತಾರು ಜನಕ್ಕೆ ಕಳುಹಿಸಿದ್ದೆ. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತು, ಪೊಲೀಸರು ಹೇಳಿದ ಕತೆ ನಂಬುವಂತಿಲ್ಲ ಎಂದು ಆಯೋಗ ಹೇಳಿತು. ಆ ಸುದ್ದಿಯನ್ನು ನಾನು ಯಾರಿಗೂ ಕಳುಹಿಸಲಿಲ್ಲ. ಕಾವಲುಗಾರನ ಮಾತು ಕೇಳಿ ಮೂವತ್ತು ವರ್ಷವಾದ ಮೇಲೂ ನನ್ನ ಬುದ್ಧಿ ಅಷ್ಟೇ ಇತ್ತು.

ನ್ಯಾಯಾಲಯದಲ್ಲಿ ಕೇಸುಗಳು ವರ್ಷಗಟ್ಟಲೆ ನಡೆಯುತ್ತವೆ, ನೊಂದವರು ಕಾದು ಕಾದು ಸೋಲುತ್ತಾರೆ, ಅದಕ್ಕೇ ಜನ ಬಾಗಿಲು ಒಡೆಯುವವನನ್ನು ಮೆಚ್ಚುತ್ತಾರೆ ಎಂದು ನೀವು ಹೇಳಬಹುದು. ಆ ಸಂಕಟ ಸುಳ್ಳಲ್ಲ. ಆದರೆ ಅದಕ್ಕೆ ಬೇಕಾದದ್ದು ಹೆಚ್ಚು ನ್ಯಾಯಾಧೀಶರು, ಹೆಚ್ಚು ಪ್ರಯೋಗಾಲಯಗಳು, ತರಬೇತಾದ ತನಿಖಾಧಿಕಾರಿಗಳು. ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯಾಗುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳಿದೆ. ಕುಣಿಗಲ್‌ನ ಆ ಹುಡುಗಿಗೆ ನಾಳೆ ಕೆಲಸ ಸಿಗಬೇಕಾದದ್ದು ಅಲ್ಲಿ. ಲಾಠಿ ಏಟು ಅಗ್ಗ, ಅವಳ ಪ್ರಯೋಗಾಲಯ ದುಬಾರಿ. ಅಗ್ಗದ್ದನ್ನೇ ನಾವು ಮೆಚ್ಚುತ್ತಾ ಹೋದರೆ ಸರ್ಕಾರಗಳು ದುಬಾರಿಯದಕ್ಕೆ ಏಕೆ ಕೈ ಹಾಕುತ್ತವೆ?

ಆ ಬಾಗಿಲು ಒಡೆಯುವ ಪಾತ್ರದ ಹೆಸರು ದಯಾ. ನಮ್ಮ ಮಕ್ಕಳಿಗೆ ಶರಣರ ಮಾತು ಹೇಳಿಕೊಡುವಾಗ ಮೊದಲು ಬರುವ ಪದವೂ ದಯೆ. ಈ ಮಾತನ್ನು ಹೇಳಿದಾಗ ಭಾವನವರು ಜೋರಾಗಿ ನಕ್ಕರು, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಧಾರಾವಾಹಿ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ನಿಲ್ಲಿಸಿದರೆ ಮಕ್ಕಳು ಕದ್ದು ನೋಡುತ್ತಾರೆ. ಜೊತೆಗೆ ಕೂತು ನೋಡಿ. ಹೊಡೆತ ಬಿದ್ದಾಗ "ಇವನು ತಪ್ಪು ಮಾಡಿಲ್ಲದಿದ್ದರೆ?" ಎಂದು ಒಂದು ಪ್ರಶ್ನೆ ಕೇಳಿ. ಅಷ್ಟು ಸಾಕು, ಉಳಿದದ್ದನ್ನು ಮಕ್ಕಳೇ ಯೋಚಿಸುತ್ತಾರೆ.

ಮಠಗಳ ವಿದ್ಯಾರ್ಥಿ ನಿಲಯಗಳನ್ನು ನೋಡಿಕೊಳ್ಳುವ ಹಿರಿಯರಲ್ಲಿ ಇನ್ನೊಂದು ವಿನಂತಿ. ಕೆಲವು ವರ್ಷ ನಾನೂ ಒಂದು ವಿದ್ಯಾರ್ಥಿ ನಿಲಯದ ಸಮಿತಿಯಲ್ಲಿದ್ದೆ. ಒಬ್ಬ ಹುಡುಗನ ಟ್ರಂಕಿನಿಂದ ನೂರು ರೂಪಾಯಿ ಹೋದರೆ ಎಲ್ಲರ ಕಣ್ಣು ಮೊದಲು ತಿರುಗುವುದು ಅತಿ ಬಡವನ ಕಡೆಗೆ, ಇಲ್ಲವೇ ಹೊಸದಾಗಿ ಸೇರಿದವನ ಕಡೆಗೆ. ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಕೇಳುವುದೂ ಉಂಟು. ಅನುಭವ ಮಂಟಪದ ಹೆಸರು ಹೇಳುವ ನಾವು ಅದನ್ನು ಮಾಡಬಾರದು. ವಸ್ತು ಕಳೆದರೆ ಮೊದಲು ಹುಡುಕಿ, ಎಣಿಸಿ. ಅನುಮಾನ ಇದ್ದರೆ ಒಬ್ಬನನ್ನೇ ಕೂರಿಸಿಕೊಂಡು ಕೇಳಿ, ಅವನು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಯಾರ ಹೆಸರನ್ನೂ ಪುರಾವೆ ಇಲ್ಲದೆ ಬರೆದಿಡಬೇಡಿ. ಕಳ್ಳನೆಂದು ಒಮ್ಮೆ ಕರೆಸಿಕೊಂಡ ಹುಡುಗ, ವಸ್ತು ಸಿಕ್ಕಿದ ಮೇಲೂ ಮೊದಲಿನ ಹಾಗೆ ಪಂಕ್ತಿಯಲ್ಲಿ ಕೂತು ಊಟ ಮಾಡುವುದಿಲ್ಲ.

ಮೊಮ್ಮಗನನ್ನು ಕರೆದುಕೊಂಡು ಆ ಹುಡುಗನ ಮನೆಗೆ ಹೋದೆ. ತಪ್ಪಾಯಿತು ಎಂದು ಮೊದಲು ನಾನು ಹೇಳಿದೆ, ಏಕೆಂದರೆ ಕಿಟಕಿಯಿಂದ ನೋಡಿ ನಕ್ಕವನು ನಾನು. ಆಮೇಲೆ ಮೊಮ್ಮಗ ಹೇಳಿದ. ಆ ತಾಯಿ "ಬಿಡಿ ಸಾರ್, ಮಕ್ಕಳು" ಅಂದರು. ನೀನು ತಗೊಂಡಿರಲಿಲ್ಲ, ಮತ್ತೆ ಹೂಂ ಅಂತ ಯಾಕೆ ಅಂದೆ ಎಂದು ಹುಡುಗನನ್ನು ಕೇಳಿದೆ. "ಆಟ ಮುಗೀಲಿ ಅಂತ" ಅಂದ.

ಮರಳಿ ಬರುವಾಗ ದಾರಿಯಲ್ಲಿ ಮೊಮ್ಮಗನಿಗೆ ಕಾವಲುಗಾರನ ಕತೆ ಹೇಳಿದೆ, ಅವನಿಗೆ ಅರ್ಥವಾಗುವಷ್ಟು. ಅವನು ಸ್ವಲ್ಪ ದೂರ ಮಾತಾಡದೆ ನಡೆದ. ಮನೆ ಗೇಟಿನ ಹತ್ತಿರ ನಿಂತು ಕೇಳಿದ: "ತಾತ, ಆಗ ನೀನು ಅವ್ರ ಮನೆಗೆ ಹೋಗಿದ್ಯಾ?"

ಇಲ್ಲ, ಹೋಗಿರಲಿಲ್ಲ. ಹಾಗೆಂದೇ ಹೇಳಿದೆ.